ಕೆಲಸ ನಿಂತ ದಿನವೇ ಮನೆಯೂ ಹೋಯಿತು: 2020ರ ಬೆಂಗಳೂರು, ಕಟ್ಟಡ ಕಾರ್ಮಿಕರು ಮತ್ತು ರದ್ದಾದ ರೈಲುಗಳು

2020ರ ಮೇ 5, ಮಂಗಳವಾರ. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಂದು ಬಿಲ್ಡರ್‌ಗಳ ಸಭೆ ಕರೆದಿದ್ದರು. ಬಿಲ್ಡರ್‌ಗಳ ಸಂಘವಾದ ಕ್ರೆಡಾಯ್ ಪ್ರತಿನಿಧಿಗಳು ಬಂದಿದ್ದರು. ಕಟ್ಟಡದ ಕೆಲಸ ಮತ್ತೆ ಶುರುವಾಗುತ್ತಿದೆ, ಕೆಲಸಗಾರರು ಹೊರಟುಬಿಟ್ಟರೆ ಗತಿ ಏನು ಎಂಬುದು ಅಲ್ಲಿನ ಮಾತು. ಅದೇ ದಿನ ನೈರುತ್ಯ ರೈಲ್ವೆಗೆ ಒಂದು ಪತ್ರ ಹೋಯಿತು. ಬರೆದವರು ಕಂದಾಯ ಇಲಾಖೆಯ ಪ್ರಧಾನ ಕಾರ್ಯದರ್ಶಿ ಎನ್. ಮಂಜುನಾಥ ಪ್ರಸಾದ್. ವಲಸೆ ಕಾರ್ಮಿಕರ ಪ್ರಯಾಣದ ನೋಡಲ್ ಅಧಿಕಾರಿಯೂ ಅವರೇ ಆಗಿದ್ದರು. ನಾಳೆಯಿಂದ ರೈಲು ಬೇಕಾಗಿಲ್ಲ, ಹಿಂದೆ ಕೇಳಿದ್ದನ್ನು ವಾಪಸ್ ಪಡೆಯುತ್ತಿದ್ದೇವೆ ಎಂಬುದು ಪತ್ರದ ಸಾರ. ವಲಸೆ ಕಾರ್ಮಿಕರನ್ನು ಊರಿಗೆ ಕರೆದೊಯ್ಯಲು ಮೇ 6ರಂದು ಹೊರಡಬೇಕಿದ್ದ ಶ್ರಮಿಕ್ ವಿಶೇಷ ರೈಲುಗಳು ನಿಂತವು.

ದೇಶದಾದ್ಯಂತ ಟೀಕೆ ಬಂತು. ಮೇ 7ರಂದು ಸರ್ಕಾರ ಮನಸ್ಸು ಬದಲಿಸಿ ಬಿಹಾರ, ಉತ್ತರ ಪ್ರದೇಶ, ಜಾರ್ಖಂಡ್, ಪಶ್ಚಿಮ ಬಂಗಾಳ, ಒಡಿಶಾ ಮುಂತಾದ ರಾಜ್ಯಗಳಿಗೆ ಪತ್ರ ಬರೆಯಿತು. ಮೇ 8ರಿಂದ ರೈಲು ಮತ್ತೆ ಹೊರಟವು.

ಕೋವಿಡ್ ಕಾಲದ ಬೆಂಗಳೂರಿನ ಬಗ್ಗೆ ಬರೆಯುವವರು ಈ ಮೂರು ದಿನಗಳನ್ನು ಒಂದು ಎಡವಟ್ಟು ಎಂದು ಹೇಳಿ ಮುಂದೆ ಹೋಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಊರಿನಲ್ಲಿ ಕಟ್ಟಡ ಕೆಲಸಗಾರನ ಕೂಲಿ, ಸೂರು, ಊಟ ಮೂರೂ ಒಬ್ಬನೇ ಮೇಸ್ತ್ರಿಯ ಕೈಯಲ್ಲಿರುತ್ತವೆ. ಲಾಕ್‌ಡೌನ್‌ನಲ್ಲಿ ಮೂರೂ ಒಟ್ಟಿಗೆ ಕೈಬಿಟ್ಟವು. ಆದರೆ ನಮ್ಮ ನೀತಿ ಮಾತ್ರ ಒಂದೊಂದನ್ನು ಒಂದೊಂದು ಇಲಾಖೆಗೆ ಹಂಚಿ ಕೂತಿತ್ತು. ಕೂಲಿಗೆ ಕಾರ್ಮಿಕ ಇಲಾಖೆ, ಅಕ್ಕಿಗೆ ಆಹಾರ ಇಲಾಖೆ, ಪ್ರಯಾಣಕ್ಕೆ ಕಂದಾಯ ಇಲಾಖೆ. ಸೂರಿಗೆ ಯಾರು? ಅದಕ್ಕೆ ಉತ್ತರ ಇರಲಿಲ್ಲ.

ಶೆಡ್ಡು ಎಂದರೆ ಏನು

ಬೆಂಗಳೂರಿನ ಯಾವುದೇ ದೊಡ್ಡ ಅಪಾರ್ಟ್‌ಮೆಂಟ್ ಏಳುವ ಜಾಗಕ್ಕೆ ಹೋಗಿ. ಅದರ ಪಕ್ಕದಲ್ಲೋ, ಸ್ವಲ್ಪ ದೂರದ ಖಾಲಿ ಸೈಟಿನಲ್ಲೋ ತಗಡಿನ ಸಾಲು ಕಾಣುತ್ತದೆ. ಅದೇ ಲೇಬರ್ ಶೆಡ್. ಗೋಡೆಯೂ ತಗಡು, ಮಾಡೂ ತಗಡು. ಏಪ್ರಿಲ್ ಮಧ್ಯಾಹ್ನ ಒಳಗೆ ಕೂರಲು ಆಗುವುದಿಲ್ಲ. ಒಂದು ಕೋಣೆಯಲ್ಲಿ ಒಂದು ಸಂಸಾರ, ಇಲ್ಲವೇ ನಾಲ್ಕೈದು ಹುಡುಗರು. ಮೂಲೆಯಲ್ಲಿ ಪುಟ್ಟ ಗ್ಯಾಸ್ ಸ್ಟೌವ್, ಹಗ್ಗದ ಮೇಲೆ ಬಟ್ಟೆ, ಒಂದು ವೈರಿನಿಂದ ಬಂದ ಬಲ್ಬು, ಅದರ ಪಕ್ಕದಲ್ಲೇ ಮೊಬೈಲ್ ಚಾರ್ಜಿಗೆ ಸಾಲುಗಟ್ಟಿದ ಪ್ಲಗ್ಗುಗಳು. ನೀರು ಟ್ಯಾಂಕರ್‌ನಲ್ಲಿ ಬರುತ್ತದೆ. ಶೌಚಾಲಯ ಹತ್ತಾರು ಜನಕ್ಕೆ ಒಂದು. ದೈಹಿಕ ಅಂತರ ಕಾಯ್ದುಕೊಳ್ಳಿ, ಪದೇ ಪದೇ ಕೈ ತೊಳೆಯಿರಿ ಎಂಬ ಸೂಚನೆಯನ್ನು ಇಲ್ಲಿ ನಿಂತು ಓದಿ ನೋಡಿ, ಆಗ ಗೊತ್ತಾಗುತ್ತದೆ.

ಇಲ್ಲಿ ಬಾಡಿಗೆ ಕರಾರು ಇಲ್ಲ, ವಿಳಾಸದ ಪುರಾವೆ ಇಲ್ಲ. ಮೇಸ್ತ್ರಿ ಕರೆತಂದ, ಮೇಸ್ತ್ರಿ ಇಟ್ಟ, ಮೇಸ್ತ್ರಿ ಹೇಳಿದ ದಿನ ಬಿಡಬೇಕು. 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಸೆಕ್ಷನ್ ಕೂಡ ಸೂರನ್ನು ಕೆಲಸಕ್ಕೇ ಕಟ್ಟಿಹಾಕಿತ್ತು. ಮಾಲೀಕರು ಕೆಲಸದ ಜಾಗದಲ್ಲಿ ಅಥವಾ ಹತ್ತಿರದಲ್ಲಿ ಪುಕ್ಕಟೆಯಾಗಿ ತಾತ್ಕಾಲಿಕ ವಸತಿ ಕೊಡಬೇಕು, ಅಡುಗೆ, ಸ್ನಾನ, ಬಟ್ಟೆ ಒಗೆಯಲು, ಶೌಚಕ್ಕೆ ಪ್ರತ್ಯೇಕ ವ್ಯವಸ್ಥೆ ಇರಬೇಕು ಎಂದು ಅದು ಹೇಳುತ್ತಿತ್ತು. ಒಳ್ಳೆಯದೇ. ಆದರೆ ಅದೆಲ್ಲ ಕೆಲಸ ನಡೆಯುವಷ್ಟು ದಿನ ಮಾತ್ರ. ಕೆಲಸ ಮುಗಿದರೆ ಶೆಡ್ಡು ಕೆಡವಿ ಜಾಗ ಮೊದಲಿನ ಹಾಗೆ ಮಾಡಿಕೊಡಬೇಕಿತ್ತು. ಕೆಲಸ ಮುಗಿಯದೆ ಸುಮ್ನೆ ನಿಂತುಬಿಟ್ಟರೆ ಏನಾಗಬೇಕು ಎಂಬುದು ಅಲ್ಲಿ ಇರಲಿಲ್ಲ. ಇಡೀ ದೇಶ ಒಂದೇ ರಾತ್ರಿ ನಿಲ್ಲುತ್ತದೆ ಎಂದು ಯಾರು ಅಂದುಕೊಂಡಿದ್ದರು?

ಶೆಡ್ಡಿನಲ್ಲಿ ಇಲ್ಲದವರ ಸ್ಥಿತಿ ಬೇರೆ ಥರ. ತೂಬರಹಳ್ಳಿ, ಬೆಳ್ಳಂದೂರು, ಮಾರತ್ತಹಳ್ಳಿ ಕಡೆ ಖಾಸಗಿ ಜಾಗದಲ್ಲಿ ನೀಲಿ ಶೀಟಿನ ಗುಡಿಸಲು ಹಾಕಿಕೊಂಡವರು ತಿಂಗಳು ತಿಂಗಳು ನೆಲಬಾಡಿಗೆ ಕೊಡುತ್ತಾರೆ. ಮನೆಗೆಲಸ, ಕಸ ಆಯುವುದು, ಸೆಕ್ಯುರಿಟಿ, ಗಾರೆ ಕೆಲಸ, ಹೀಗೆ ಬದುಕು. ಇವರಲ್ಲಿ ಬಂಗಾಳದವರಿದ್ದಾರೆ, ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದವರೂ ಇದ್ದಾರೆ. ಕೋವಿಡ್ ಬರುವ ಮೊದಲೇ, 2020ರ ಜನವರಿಯಲ್ಲಿ, ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದೇಶಿಗಳು ಎಂದು ಹೇಳಿ ಇಂಥ ಶೆಡ್ಡುಗಳನ್ನು ನೆಲಸಮ ಮಾಡಲಾಗಿತ್ತು. ಮನೆ ಕಳೆದುಕೊಂಡವರಲ್ಲಿ ನಮ್ಮದೇ ಉತ್ತರ ಕರ್ನಾಟಕದ ಜನ ಇದ್ದರು. ಹೈಕೋರ್ಟ್ ಮಧ್ಯೆ ಬಂದು ಅವರಿಗೆ ಪುನರ್ವಸತಿ ಕೊಡಿ ಎನ್ನಬೇಕಾಯಿತು. ಅಂದರೆ ಲಾಕ್‌ಡೌನ್ ಬಂದಾಗ ಈ ಜನ ಆಗಲೇ ಅಂಚಿನಲ್ಲಿದ್ದರು.

ಮಾರ್ಚ್ ಕೊನೆ, ಏಪ್ರಿಲ್

ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಲಾಕ್‌ಡೌನ್ ಘೋಷಿಸಿದರು. ನಾಲ್ಕು ಗಂಟೆ ಕಳೆದರೆ ಜಾರಿ. 21 ದಿನ ಎಂದದ್ದು ಮೇ 3ಕ್ಕೆ ಹೋಯಿತು, ಆಮೇಲೆ 17ಕ್ಕೆ, ಆಮೇಲೆ 31ಕ್ಕೆ.

ಮೊದಲ ಸಮಸ್ಯೆ ಊಟ. ಬೆಂಗಳೂರಿನ ಹತ್ತಿರ ಅದಕ್ಕೊಂದು ಸಿದ್ಧ ವ್ಯವಸ್ಥೆ ಇತ್ತು. 2017ರ ಆಗಸ್ಟ್‌ನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್. ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಬಹಳ ನಗರಗಳಿಗೆ ಇಂಥದ್ದೊಂದು ಇರಲೇ ಇಲ್ಲ. ಆದರೆ ಅದನ್ನು ಬಳಸುವ ಬಗ್ಗೆ ಸರ್ಕಾರಕ್ಕೆ ಒಂದು ಮನಸ್ಸು ಇರಲಿಲ್ಲ. ಬಡವರಿಗೆ ಪುಕ್ಕಟೆ ಊಟ ಎಂದರು. ಜನ ಗುಂಪು ಸೇರುತ್ತಾರೆ ಎಂದು ಮುಚ್ಚುತ್ತೇವೆ ಎಂದರು. ಟೀಕೆ ಬಂದ ಮೇಲೆ ಮತ್ತೆ ತೆರೆದರು. ದಿನಗೂಲಿ ನಿಂತುಹೋದವನಿಗೆ ಒಂದು ದಿನದ ಗೊಂದಲ ಎಂದರೆ ಒಂದು ದಿನದ ಹಸಿವು, ಅಲ್ವಾ?

ಚೆನ್ನಾಗಿ ಆದ ಕೆಲಸವನ್ನೂ ಹೇಳಬೇಕು. ಹೋಟೆಲ್‌ಗಳೆಲ್ಲ ಮುಚ್ಚಿ ಕೆಎಂಎಫ್ ಹತ್ತಿರ ಹಾಲು ಉಳಿಯುತ್ತಿತ್ತು. ಏಪ್ರಿಲ್‌ನಲ್ಲಿ ಸರ್ಕಾರ ದಿನಕ್ಕೆ ಸುಮಾರು 7.5 ಲಕ್ಷ ಲೀಟರ್ ಹಾಲನ್ನು ಕೊಂಡು ಕೊಳೆಗೇರಿಗಳಲ್ಲಿ ಉಚಿತವಾಗಿ ಹಂಚಿತು. ರೈತನ ಹಾಲು ಚರಂಡಿಗೆ ಹೋಗಲಿಲ್ಲ, ಮಕ್ಕಳಿಗೆ ಹಾಲು ಸಿಕ್ಕಿತು. ಕೊಡುವಾಗ ಕಾರ್ಡು ಕೇಳಲಿಲ್ಲ. ಒಂದು ವಾರದೊಳಗೆ ಇಷ್ಟು ಮಾಡಲು ನಮ್ಮ ಆಡಳಿತಕ್ಕೆ ಬರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಕಾರ್ಮಿಕ ಇಲಾಖೆ ದಾಸೋಹ ಸಹಾಯವಾಣಿ ತೆರೆಯಿತು. ಸಂಘಸಂಸ್ಥೆಗಳು, ಯೂನಿಯನ್‌ಗಳು, ಅಪಾರ್ಟ್‌ಮೆಂಟಿನ ಜನ ರೇಷನ್ ಕಿಟ್ ಹಂಚಿದರು. ಬೆಂಗಳೂರು ಆ ತಿಂಗಳು ಕೈ ಚಾಚಿ ಕೊಟ್ಟಿತು, ಅದನ್ನು ಮರೆಯಬಾರದು.

ಸೂರಿನ ವಿಷಯಕ್ಕೆ ಬಂದರೆ, ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಒಂದು ಆದೇಶ ಹೊರಡಿಸಿತು. ಲಾಕ್‌ಡೌನ್ ಅವಧಿಗೆ ಕೂಲಿ ಕಡಿತ ಮಾಡಬಾರದು. ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು. ಮನೆ ಖಾಲಿ ಮಾಡಿಸಿದರೆ ಕ್ರಮ. ಕಾಗದದ ಮೇಲೆ ಇದು ಬಹಳ ಗಟ್ಟಿ ಆದೇಶ. ಆದರೆ ತೂಬರಹಳ್ಳಿಯ ನೆಲಬಾಡಿಗೆಗೆ ರಸೀದಿಯೇ ಇಲ್ಲ. ರಸೀದಿ ಇಲ್ಲದ ಬಾಡಿಗೆಯನ್ನು ಕೇಳಬೇಡಿ ಎಂದರೆ ಅದನ್ನು ಯಾರು ಜಾರಿ ಮಾಡುತ್ತಾರೆ? ಮೇಸ್ತ್ರಿ ಫೋನ್ ಸ್ವಿಚ್ ಆಫ್ ಮಾಡಿ ಊರಿಗೆ ಹೋದರೆ ಕೂಲಿಯನ್ನು ಯಾರ ಹತ್ತಿರ ಕೇಳಬೇಕು? ಕೂಲಿಯ ಆ ಭಾಗವನ್ನು ಮೇ 18ರಿಂದ ಕೇಂದ್ರವೇ ಕೈಬಿಟ್ಟಿತು.

ನಿರಾಶ್ರಿತರ ತಂಗುದಾಣದ ಕಥೆ ಹಳೆಯದು. ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ದಿನದ 24 ಗಂಟೆಯೂ ತೆರೆದಿರುವ ತಂಗುದಾಣ ಇರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. 2011ರ ಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ. ಅಂದರೆ ಆಗಿನ ಲೆಕ್ಕಕ್ಕೇ 84 ತಂಗುದಾಣ ಬೇಕು. ಹತ್ತು ವರ್ಷ ಕಳೆದರೂ ನಗರ ಅದರ ಹತ್ತಿರಕ್ಕೂ ಬಂದಿರಲಿಲ್ಲ. ಹಾಗಾಗಿ ಲಾಕ್‌ಡೌನ್‌ನಲ್ಲಿ ಕಲ್ಯಾಣ ಮಂಟಪ, ಹಾಸ್ಟೆಲ್, ಶಾಲೆ ಎಂದು ಸಿಕ್ಕಿದ ಕಡೆ ಜನರನ್ನು ಇರಿಸಬೇಕಾಯಿತು. ಇಂಗ್ಲೆಂಡ್‌ನಲ್ಲಿ ಅದೇ ಮಾರ್ಚ್ ಕೊನೆಯಲ್ಲಿ ಬೀದಿಯಲ್ಲಿ ಮಲಗುವ ಎಲ್ಲರನ್ನೂ ಒಳಗೆ ಕರೆತನ್ನಿ ಎಂದು ಸ್ಥಳೀಯ ಕೌನ್ಸಿಲ್‌ಗಳಿಗೆ ಹೇಳಿದರು, ಖಾಲಿ ಬಿದ್ದ ಹೋಟೆಲ್ ಕೋಣೆಗಳನ್ನು ಬಾಡಿಗೆಗೆ ಹಿಡಿದರು. ಕ್ಯಾಲಿಫೋರ್ನಿಯಾದಲ್ಲೂ ಹಾಗೇ ಮಾಡಿದರು. ಅಲ್ಲಿ ಪ್ರಶ್ನೆ ಬೀದಿಯಲ್ಲಿದ್ದವರದು. ನಮ್ಮಲ್ಲಿ ಹಿಂದಿನ ದಿನದವರೆಗೂ ಸೂರು ಇದ್ದವನು, ಕೆಲಸದ ಜೊತೆಗೆ ಅದನ್ನೂ ಕಳೆದುಕೊಂಡು ಬೀದಿಗೆ ಬಂದ. ಅವನು ನಿರಾಶ್ರಿತರ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಕಾಚರಕನಹಳ್ಳಿಯಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. ಲಾಕ್‌ಡೌನ್ ಎಂದು ಊರಿಗೆ ಹೋದವರ ಗುಡಿಸಲುಗಳು ಅವರು ಇಲ್ಲದಾಗ ಸುಟ್ಟುಹೋದವು. ಹೈಕೋರ್ಟ್ ಅದನ್ನೂ ಕೈಗೆತ್ತಿಕೊಂಡು, ಸೂರಿನ ಹಕ್ಕು ಸಂವಿಧಾನದ 21ನೇ ವಿಧಿಯೊಳಗೆ ಬರುತ್ತದೆ ಎಂದು ನೆನಪಿಸಿ, ಗುಡಿಸಲು ಮತ್ತೆ ಕಟ್ಟಿಕೊಡುವ ಹೊಣೆಯನ್ನು ಸರ್ಕಾರದ ಮೇಲಿಟ್ಟಿತು.

ಹೊರಡುವುದಕ್ಕೂ ಅರ್ಜಿ

ಮೇ ಮೊದಲ ವಾರ ಎರಡು ದಾರಿ ತೆರೆದವು. ಕರ್ನಾಟಕದೊಳಗಿನವರಿಗೆ ಬಸ್ಸು, ಹೊರ ರಾಜ್ಯದವರಿಗೆ ರೈಲು.

ಬಸ್ಸಿಗೆ ಮೊದಲು ಮಾಮೂಲಿಗಿಂತ ಜಾಸ್ತಿ ದರ ಕೇಳಿದರು. ಒಂದೂವರೆ ತಿಂಗಳು ಕೂಲಿ ಇಲ್ಲದೆ ಕೂತವರು ಮೆಜೆಸ್ಟಿಕ್‌ನಲ್ಲಿ ಗಂಟು ಮೂಟೆ ಇಟ್ಟುಕೊಂಡು ದುಡ್ಡು ಎಣಿಸುವ ದೃಶ್ಯ ಟಿವಿಯಲ್ಲಿ ಬಂತು. ಕೆಪಿಸಿಸಿ ಅಧ್ಯಕ್ಷ ಡಿ.ಕೆ. ಶಿವಕುಮಾರ್ ಕೆಎಸ್‌ಆರ್‌ಟಿಸಿಗೆ ಒಂದು ಕೋಟಿ ರೂಪಾಯಿಯ ಚೆಕ್ ತಂದರು. ಸರ್ಕಾರ ಮೇ 3ರಿಂದ ಉಚಿತ ಪ್ರಯಾಣ ಘೋಷಿಸಿತು, ಆಮೇಲೆ ಅದನ್ನು ವಿಸ್ತರಿಸಿತು. ರಾಜಕೀಯ ಇತ್ತು, ಇರಲಿ. ಸಾವಿರಾರು ಸಂಸಾರಗಳು ಊರು ಸೇರಿದವು. ಊರಲ್ಲಿ ಉದ್ಯೋಗ ಖಾತರಿಯ ಕೂಲಿ ಆ ವರ್ಷ ದಿನಕ್ಕೆ 275 ರೂಪಾಯಿ ಆಗಿತ್ತು. ಬೆಂಗಳೂರಿನ ಗಾರೆ ಕೆಲಸದ ಕೂಲಿಗೆ ಅದು ಸಮ ಅಲ್ಲ, ಆದರೆ ತಲೆ ಮೇಲೆ ತಮ್ಮದೇ ಮಾಡು ಇತ್ತು. ಬಸ್ಸು ಬರುವ ಮೊದಲೇ ನಡೆದು ಹೊರಟವರೂ ಇದ್ದರು. ಏಪ್ರಿಲ್‌ನಲ್ಲಿ ರಾಯಚೂರು ಜಿಲ್ಲೆಯ ತನ್ನ ಊರಿಗೆ ಹೀಗೆ ಹೊರಟ ಕಟ್ಟಡ ಕೆಲಸದ ಹೆಂಗಸೊಬ್ಬಳು ಬಳ್ಳಾರಿಯಲ್ಲಿ ತೀರಿಕೊಂಡಳು.

ರೈಲಿನ ದಾರಿ ಇನ್ನೂ ಕಷ್ಟದ್ದು. ಮೊದಲು ಸೇವಾ ಸಿಂಧು ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಹೆಸರು, ಆಧಾರ್, ಇಲ್ಲಿನ ವಿಳಾಸ, ಹೋಗುವ ಜಿಲ್ಲೆ, ಮೊಬೈಲ್‌ಗೆ ಬರುವ ಓಟಿಪಿ. ಒಡಿಯಾ ಮಾತ್ರ ಓದಲು ಬರುವ ಹುಡುಗನ ಕೈಯಲ್ಲಿ ಆ ಫಾರ್ಮು ಇಟ್ಟು ನೋಡಿ. ಇಲ್ಲಿನ ವಿಳಾಸ ಎಂಬ ಜಾಗದಲ್ಲಿ ಅವನು ಏನು ಬರೆಯಬೇಕು? ಶೆಡ್ಡಿಗೆ ನಂಬರ್ ಇಲ್ಲ, ಕ್ರಾಸ್ ಇಲ್ಲ, ಮೇನ್ ಇಲ್ಲ. ರೀಚಾರ್ಜ್ ಮುಗಿದ ಫೋನಿನಲ್ಲಿ ಓಟಿಪಿಗೆ ಕಾಯಬೇಕು. ಸೈಬರ್ ಸೆಂಟರ್ ಮುಚ್ಚಿದೆ. ಇಷ್ಟಾದ ಮೇಲೆ ಪೊಲೀಸ್ ಠಾಣೆಯಲ್ಲಿ ಪಟ್ಟಿ, ವೈದ್ಯಕೀಯ ತಪಾಸಣೆ, ಯಾವಾಗ ಬರುತ್ತದೋ ಗೊತ್ತಿಲ್ಲದ ಎಸ್‌ಎಂಎಸ್. ಟಿಕೆಟ್ ದುಡ್ಡೂ ಅವನದೇ. ಬಿಹಾರದ ದಾನಾಪುರಕ್ಕೆ ತಲೆಗೆ ಸುಮಾರು ಸಾವಿರ ರೂಪಾಯಿ ಬೇಕಿತ್ತು.

ಮೇ 4ರಂದು ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದ ಹತ್ತಿರ ರೈಲಿಗೆ ಕಾದು ಸೇರಿದ್ದ ಕಾರ್ಮಿಕರಿಗೂ ಪೊಲೀಸರಿಗೂ ಜಟಾಪಟಿ ಆಯಿತು, ಕಲ್ಲು ತೂರಾಟವಾಯಿತು. ಮರುದಿನ ಬಿಲ್ಡರ್‌ಗಳ ಸಭೆ. ಅಷ್ಟರೊಳಗೆ ಎಂಟು ರೈಲುಗಳಲ್ಲಿ ಹೊರಟಿದ್ದವರು ಒಂಬತ್ತೂವರೆ ಸಾವಿರದ ಆಸುಪಾಸು ಮಾತ್ರ.

ಸರ್ಕಾರದ ವಾದವನ್ನು ನ್ಯಾಯವಾಗಿಯೇ ಕೇಳೋಣ. ಮೇ 4ರಿಂದ ಕಟ್ಟಡ ಕೆಲಸಕ್ಕೆ ಅನುಮತಿ ಸಿಕ್ಕಿತ್ತು. ಕೆಲಸ ಬಂದರೆ ಕೂಲಿ ಬರುತ್ತದೆ. ಜನ ಹೊರಟರೆ ಸೋಂಕು ಹಳ್ಳಿಗಳಿಗೆ ಹೋಗುತ್ತದೆ ಎಂಬ ಭಯವೂ ಸುಳ್ಳಲ್ಲ. ಅನಗತ್ಯ ಪ್ರಯಾಣ ನಿಲ್ಲಿಸಬೇಕು, ಕಾರ್ಮಿಕರನ್ನು ನೋಡಿಕೊಳ್ಳುವುದಾಗಿ ಬಿಲ್ಡರ್‌ಗಳು ಮಾತು ಕೊಟ್ಟಿದ್ದಾರೆ ಎಂದರು ಮುಖ್ಯಮಂತ್ರಿ. ತೊಂದರೆ ಇರುವುದು ಆ ಕೊನೆಯ ಮಾತಿನಲ್ಲೇ. ಒಂದೂವರೆ ತಿಂಗಳು ಕೂಲಿ ಕೊಟ್ಟಿರಾ, ಶೆಡ್ಡಿನಲ್ಲಿ ಎಷ್ಟು ಜನ ಇದ್ದಾರೆ, ಎಷ್ಟು ಶೌಚಾಲಯ ಇದೆ ಎಂದು ಕೇಳಿ, ನೋಡಿ, ಆಮೇಲೆ ಇರಿ ಎಂದಿದ್ದರೆ ಅದಕ್ಕೊಂದು ಬೆಲೆ ಇರುತ್ತಿತ್ತು. ಇಲ್ಲಿ ಮಾತು ಕೊಟ್ಟ ದಿನವೇ ರೈಲು ನಿಂತಿತು.

ಅಲ್ಲದೆ ಜನ ಊರಿಗೆ ಹೊರಟದ್ದು ಕೂಲಿಯ ಕಾರಣಕ್ಕೆ ಮಾತ್ರ ಅಲ್ಲ. ರಂಜಾನ್ ತಿಂಗಳು ನಡೆಯುತ್ತಿತ್ತು. ಮುಂಗಾರು ಬಿತ್ತನೆ ಹತ್ತಿರ ಬಂದಿತ್ತು. ಸತ್ತರೆ ತಮ್ಮವರ ಮುಂದೆ ಸಾಯಬೇಕು ಎಂಬ ಭಯ ಎಲ್ಲರ ಒಳಗೂ ಇತ್ತು, ನಮ್ಮ ನಿಮ್ಮ ಮನೆಯಲ್ಲೂ ಇತ್ತು. ಕೆಲಸ ಕೊಡುತ್ತೇವೆ, ಇರಿ ಎನ್ನುವುದು ಅದಕ್ಕೆ ಉತ್ತರವೇ ಅಲ್ಲ. ರೈಲು ನಿಂತ ಸುದ್ದಿ ಕೇಳಿ ಕೆಲವರು ದೇವನಹಳ್ಳಿ ದಾಟಿ ಹೈದರಾಬಾದ್ ಹೆದ್ದಾರಿ ಹಿಡಿದು ನಡೆದೇ ಹೊರಟರು.

ಮುಂದಿನ ತಿರುವು ಕೋರ್ಟಿನಿಂದ ಬಂತು. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರ ಪೀಠ ಮೇ 12ರಂದು, ಟಿಕೆಟ್ ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ಯಾರಿಗೂ ಊರಿಗೆ ಹೋಗುವ ಅವಕಾಶ ತಪ್ಪಬಾರದು ಎಂದಿತು. ಸರ್ಕಾರ ಹಿಂದೆ ಮುಂದೆ ನೋಡಿ, ಮೇ ಮೂರನೇ ವಾರದ ಹೊತ್ತಿಗೆ ದರ ಭರಿಸಲು ಒಪ್ಪಿತು. ಮೇ 28ರಂದು ಸುಪ್ರೀಂ ಕೋರ್ಟ್ ಇಡೀ ದೇಶಕ್ಕೇ ಅದನ್ನು ಹೇಳಿತು. ಅಷ್ಟರಲ್ಲಿ ಸಾಲ ಮಾಡಿ ಟಿಕೆಟ್ ಕೊಂಡವರು ಕೊಂಡಾಗಿತ್ತು.

ದುಡ್ಡು ಯಾರಿಗೆ ತಲುಪಿತು

ರೈಲು ನಿಂತ ಮೇ 6ರಂದೇ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000. ಕಟ್ಟಡ ಕಾರ್ಮಿಕರಿಗೆ ಮೊದಲು ಹೇಳಿದ್ದ 2,000ದ ಮೇಲೆ ಇನ್ನೂ 3,000. ಬೇರೆ ರಾಜ್ಯಗಳ ಜೊತೆ ಹೋಲಿಸಿದರೆ ಇದು ಸಣ್ಣ ನೆರವಲ್ಲ. ಕ್ಷೌರಿಕರನ್ನು, ಮಡಿವಾಳರನ್ನು ಹೆಸರಿಟ್ಟು ಗುರುತಿಸಿದ್ದು ನನಗೆ ಇವತ್ತಿಗೂ ಒಳ್ಳೆಯ ಕೆಲಸ ಅನ್ನಿಸುತ್ತದೆ.

ಆದರೆ ಕಟ್ಟಡ ಕಾರ್ಮಿಕರ ಹಣ ಹೋದದ್ದು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದವರಿಗೆ. ರಾಜ್ಯದಲ್ಲಿ ಅಂಥವರು 15.80 ಲಕ್ಷ. ಮೊದಲ ಕಂತು ಆಗ ಸೇರಿದ್ದು 11.80 ಲಕ್ಷ ಜನರ ಖಾತೆಗೆ, ಉಳಿದ 4 ಲಕ್ಷ ಜನರದ್ದು ಬ್ಯಾಂಕ್ ವಿವರ ಸರಿಯಾಗಬೇಕಿತ್ತು. ನೋಂದಣಿಗೆ ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಹೊರರಾಜ್ಯದಿಂದ ಬಂದು ಮೇಸ್ತ್ರಿ ಹಿಂದೆ ಒಂದು ಸೈಟಿನಿಂದ ಇನ್ನೊಂದಕ್ಕೆ ಅಲೆಯುವವನಿಗೆ ಆ ಪುರಾವೆ ಯಾರು ಕೊಡುತ್ತಾರೆ? ಬಿಸಿಲಲ್ಲಿ ಹೆಚ್ಚು ಕಾಲ ನಿಂತವನೇ ಪಟ್ಟಿಯಿಂದ ಹೊರಗುಳಿದ. ರೇಷನ್ನಿನ ಕಥೆಯೂ ಇದೇ. ಅವನ ಕಾರ್ಡು ಊರಲ್ಲಿತ್ತು, ಹೊಟ್ಟೆ ಬೆಂಗಳೂರಿನಲ್ಲಿತ್ತು. ಕಾರ್ಡಿಲ್ಲದ ವಲಸಿಗರಿಗೂ 5 ಕೆಜಿ ಧಾನ್ಯ, ಒಂದು ಕುಟುಂಬಕ್ಕೆ ಒಂದು ಕೆಜಿ ಕಡಲೆ ಎಂದು ಕೇಂದ್ರ ಘೋಷಿಸಿದ್ದು ಮೇ 14ರಂದು. ಅಷ್ಟೊತ್ತಿಗೆ ಲಾಕ್‌ಡೌನ್‌ಗೆ ಐವತ್ತು ದಿನ.

ಇನ್ನೊಂದು ಕಡೆ, ಮೇ 22ರಂದು ರಾಜ್ಯ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಲು ಅನುಮತಿ ಕೊಟ್ಟಿತು. ಹೈಕೋರ್ಟ್‌ನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್‌ನಲ್ಲಿ ಅದನ್ನು ಹಿಂಪಡೆಯಿತು.

ಎರಡನೇ ಸಲ

2021ರ ಏಪ್ರಿಲ್ 26ರಂದು ರಾಜ್ಯದಲ್ಲಿ ಮತ್ತೆ 14 ದಿನದ ಬಿಗಿ ಕ್ರಮ ಘೋಷಣೆಯಾಯಿತು. ಈ ಸಲ ಜನ ಯಾರ ಮಾತಿಗೂ ಕಾಯಲಿಲ್ಲ. ಹಿಂದಿನ ವರ್ಷದ ಪಾಠ ಅವರಿಗೆ ನೆನಪಿತ್ತು. ರೈಲು, ಬಸ್ಸು ಓಡುತ್ತಿರುವಾಗಲೇ ಮೆಜೆಸ್ಟಿಕ್‌ಗೆ, ಯಶವಂತಪುರಕ್ಕೆ ಮೂಟೆ ಹೊತ್ತು ನಡೆದರು. ಮೇ 19ರಂದು 1,250 ಕೋಟಿಯ ಪ್ಯಾಕೇಜ್ ಬಂತು, ಕಟ್ಟಡ ಕಾರ್ಮಿಕರಿಗೆ 3,000. ಈ ಸಲವೂ ನೋಂದಾಯಿತರಿಗೇ.

ಆ ಹೊತ್ತಿಗೆ ಬೆಂಗಳೂರಿಗೆ ತನ್ನದೇ ಕೌನ್ಸಿಲ್ ಕೂಡ ಇರಲಿಲ್ಲ. ಮೇಯರ್ ಎಂ. ಗೌತಮ್ ಕುಮಾರ್ ಮತ್ತು 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದಿತ್ತು. ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿ ಬಂದರು. ಶೆಡ್ಡಿನ ಪಕ್ಕದ ರಸ್ತೆಯಲ್ಲಿ ಓಡಾಡುವ ಕಾರ್ಪೊರೇಟರ್ ಒಬ್ಬ ಇದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಯಾವ ಸೈಟಿನಲ್ಲಿ ನೀರು ನಿಂತಿದೆ, ಯಾವ ಮೇಸ್ತ್ರಿ ಓಡಿಹೋದ ಎಂಬುದು ವಿಧಾನಸೌಧಕ್ಕೆ ತಿಳಿಯುವುದು ಕಷ್ಟ, ವಾರ್ಡಿಗೆ ಸುಲಭ.

ಜಾಗ ಇಲ್ಲ, ಸಮಯ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಾರ್ಮಿಕರು ರೈಲಿಗೆ ಕಾದು ನಿಂತ ಅದೇ ಮಾದಾವರದ ಕೇಂದ್ರದಲ್ಲಿ ಜುಲೈ ಹೊತ್ತಿಗೆ 10,100 ಹಾಸಿಗೆಯ ಕೋವಿಡ್ ಆರೈಕೆ ಕೇಂದ್ರ ಸಿದ್ಧವಾಗಿತ್ತು. ಮನಸ್ಸು ಮಾಡಿದರೆ ಕೆಲವೇ ವಾರಗಳಲ್ಲಿ ಎಷ್ಟು ಜನಕ್ಕೆ ಮಲಗುವ ಜಾಗ ಮಾಡಬಹುದು ಎಂದು ಈ ಊರೇ ತೋರಿಸಿಕೊಟ್ಟಿದೆ.

ನಗರದ ಕೈಯಲ್ಲಿ ಏನಿದೆ

ಬೆಂಗಳೂರಿನಲ್ಲಿ ಕಟ್ಟಡ ಕಟ್ಟಬೇಕಾದರೆ ಪ್ಲಾನ್ ಮಂಜೂರಾಗಬೇಕು. ಮಂಜೂರು ಮಾಡುವಾಗಲೇ ಕಟ್ಟಡ ವೆಚ್ಚದ ಶೇಕಡಾ 1ರಷ್ಟು ಕಾರ್ಮಿಕ ಸೆಸ್ ಕಟ್ಟಿಸಿಕೊಂಡು ಕಲ್ಯಾಣ ಮಂಡಳಿಗೆ ಕಳಿಸುತ್ತಾರೆ. ಅಂದರೆ ಎಲ್ಲಿ, ಎಷ್ಟು ದೊಡ್ಡ ಕಟ್ಟಡ ಏಳುತ್ತದೆ ಎಂಬುದು ನಗರಾಡಳಿತದ ಮೇಜಿನ ಮೇಲೆ ಮೊದಲೇ ಇದೆ. ಕಾರ್ಮಿಕನ ಹೆಸರಲ್ಲಿ ದುಡ್ಡೂ ಅದೇ ಮೇಜಿನ ಮೇಲೆ ಹಾದುಹೋಗುತ್ತದೆ. ಆದರೆ ಕಾರ್ಮಿಕ ಎಲ್ಲಿ ಮಲಗುತ್ತಾನೆ ಎಂಬ ಸಾಲು ಆ ಮೇಜಿಗೆ ಬರುವುದಿಲ್ಲ. ಅದು ಕಾರ್ಮಿಕ ಇಲಾಖೆಯ ಕೆಲಸ ಎಂದು ಬಿಟ್ಟುಬಿಡುತ್ತಾರೆ, ಆ ಇಲಾಖೆಯ ಇನ್‌ಸ್ಪೆಕ್ಟರ್‌ಗಳು ಇಷ್ಟು ದೊಡ್ಡ ಊರಿಗೆ ಎಲ್ಲಿ ಸಾಲುತ್ತಾರೆ?

ಕೆಲಸ ಶುರು ಮಾಡಲು ಪ್ರಮಾಣಪತ್ರ ಕೊಡುವ ಮೊದಲು ಶೆಡ್ಡಿನ ನಕ್ಷೆ ಕೇಳಬಹುದು. ಎಷ್ಟು ಜನ, ಎಷ್ಟು ಕೋಣೆ, ಎಷ್ಟು ನಲ್ಲಿ, ಎಷ್ಟು ಶೌಚಾಲಯ ಎಂದು ಹೋಗಿ ನೋಡಿ ಬರಬಹುದು. ಕೆಲಸ ನಿಂತರೂ ಇಂತಿಷ್ಟು ತಿಂಗಳು ಶೆಡ್ಡು ಕೆಡವಬಾರದು, ನೀರು ಕಡಿಯಬಾರದು ಎಂದು ಷರತ್ತು ಹಾಕಬಹುದು. ಪ್ರತಿ ಶೆಡ್ಡಿಗೂ ಒಂದು ನಂಬರ್ ಕೊಟ್ಟರೆ ಆ ಒಡಿಯಾ ಹುಡುಗನಿಗೆ ಫಾರ್ಮಿನಲ್ಲಿ ಬರೆಯಲು ವಿಳಾಸ ಸಿಗುತ್ತದೆ. ಅದೇ ವಿಳಾಸದ ಮೇಲೆ ಮಂಡಳಿಯ ನೋಂದಣಿಯನ್ನು ಸೈಟಿನಲ್ಲೇ ಮಾಡಬಹುದು. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳಾಗಿವೆ. ಪ್ಲಾನ್ ಮಂಜೂರಾತಿಯ ನಿಯಮಗಳನ್ನು ಹೊಸದಾಗಿ ಜೋಡಿಸುವಾಗ ಈ ಸಾಲನ್ನು ಸೇರಿಸಲು ಹೊಸ ಕಾನೂನು ಬೇಕಿಲ್ಲ. ಸೂರು ಕೊಡಬೇಕೆಂಬ ನಿಯಮ 34ನೇ ಸೆಕ್ಷನ್‌ನಲ್ಲಿ 1996ರಲ್ಲೇ ಬಂದಿತ್ತು.